ಕೆಸರುಗದ್ದೆಯ ನಾಯಕ: ಒಂದು ಸುದ್ದಿಚಿತ್ರದ ಓದು

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ನಡುವೆ ಬರುವ ತುಳುವರ ಆಟಿ ತಿಂಗಳ ಆಸುಪಾಸಿನಲ್ಲಿ ಮಂಗಳೂರು, ಉಡುಪಿಯ ಪತ್ರಿಕೆಗಳಲ್ಲಿ ಒಂದು ಬಗೆಯ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ನಾಯಕರೊಬ್ಬರು ಬಿಳಿ ಪಂಚೆಯನ್ನು ಎತ್ತಿ ಕಟ್ಟಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆ ಇಟ್ಟು, ನೇಜಿಯ ಸೂಡಿ, ಎಂದರೆ ಭತ್ತದ ಸಸಿಯ ಕಟ್ಟು, ಹಿಡಿದು ಕೆಸರುಗದ್ದೆಯಲ್ಲಿ ನಿಂತಿರುತ್ತಾರೆ. ಹಿಂದೆ ನಾಟಿಯ ಹೆಂಗಸರು ಬಾಗಿರುತ್ತಾರೆ. ಇದು ಯಾವುದೇ ಒಂದು ಪಕ್ಷದ ಮಾತಲ್ಲ. ಇಂಥ ಚಿತ್ರ ಅರ್ಥವನ್ನು ಹೇಗೆ ಕಟ್ಟುತ್ತದೆ ಎಂಬುದು ಈ ಹೊತ್ತಿನ ವಿಷಯ.

ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ‘ಪಾರಿ ಮಾಚ್’ ಪತ್ರಿಕೆಯ ಒಂದು ಮುಖಪುಟವನ್ನು ವಿಶ್ಲೇಷಿಸುತ್ತಾರೆ. ಫ್ರೆಂಚ್ ಸಮವಸ್ತ್ರ ತೊಟ್ಟ ಕರಿಯ ಹುಡುಗನೊಬ್ಬ ಕಣ್ಣೆತ್ತಿ ಸೆಲ್ಯೂಟ್ ಮಾಡುತ್ತಿದ್ದಾನೆ. ವಾಚ್ಯಾರ್ಥ ಇಷ್ಟೇ. ಆದರೆ ಫ್ರೆಂಚ್ ಆಳ್ವಿಕೆಯಲ್ಲಿದ್ದ ಅಲ್ಜೀರಿಯದಲ್ಲಿ ಸ್ವಾತಂತ್ರ್ಯ ಸಮರ ನಡೆಯುತ್ತಿದ್ದ ಆ ದಿನಗಳಲ್ಲಿ ಚಿತ್ರದ ಧ್ವನಿ, ಎಂದರೆ ಅದು ಸೂಚಿಸುವ ಅರ್ಥ, ಬೇರೆಯೇ ಆಗಿತ್ತು: ಸಾಮ್ರಾಜ್ಯದ ಮಕ್ಕಳೆಲ್ಲರೂ ಬಣ್ಣದ ಭೇದವಿಲ್ಲದೆ ಅದಕ್ಕೆ ನಿಷ್ಠರು. ಹುಡುಗ ಸೆಲ್ಯೂಟ್ ಮಾಡಿದ್ದು ಕಣ್ಣೆದುರೇ ಇರುವುದರಿಂದ, ಅದರ ಬೆನ್ನಿಗೆ ಬರುವ ಈ ರಾಜಕೀಯ ಹೇಳಿಕೆಯನ್ನು ಯಾರೂ ತಡೆದು ಪ್ರಶ್ನಿಸುವುದಿಲ್ಲ.

ನಮ್ಮ ಗದ್ದೆಯ ಚಿತ್ರದ ಬಲವೂ ಇಲ್ಲಿಯೇ ಇದೆ. ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಪರ್ಸ್ ಮಾಡಿದ ವಿಂಗಡಣೆಯಂತೆ ನೋಡಿದರೆ, ಕಾಲಿಗೆ ಮೆತ್ತಿದ ಕೆಸರು ಒಂದು ಕುರುಹು, ಹೊಗೆ ಬೆಂಕಿಗೆ ಕುರುಹಾಗುವ ಹಾಗೆ; ಅವರು ಗದ್ದೆಗೆ ಇಳಿದದ್ದಕ್ಕೆ ಅದು ಸಾಕ್ಷಿ, ಎಷ್ಟು ಹೊತ್ತು ಇದ್ದರು ಎಂಬುದಕ್ಕೆ ಅಲ್ಲ. ಮುಟ್ಟಾಳೆಯ ಅರ್ಥವಾದರೋ ರೂಢಿಯಿಂದ ಬಂದದ್ದು. ಕರಾವಳಿಯವರಿಗೆ ಅದು ದುಡಿಯುವ ತುಳುವರ ತಲೆ. ಬೇರೆ ಸೀಮೆಯ ಓದುಗರಿಗೆ ಬರಿಯ ಟೊಪ್ಪಿ. ಈಗ ಅದು ಗದ್ದೆಗಿಂತ ಸನ್ಮಾನದ ವೇದಿಕೆಯಲ್ಲಿಯೇ ಹೆಚ್ಚು ಕಾಣುತ್ತದೆ. ಚಿತ್ರವನ್ನು ಹತ್ತಿರದಿಂದ ನೋಡಿ: ನಾಟಿಯ ಹೆಂಗಸರ ಬೆನ್ನ ಮೇಲೆ, ಮಳೆಗೆ ಹೊದೆಯುತ್ತಿದ್ದ ಎಲೆಯ ಹಳೆಯ ಗೊರಬೂ ಇಲ್ಲ, ಇರುವುದು ಪ್ಲಾಸ್ಟಿಕ್ ಹಾಳೆ. ದುಡಿಮೆಯ ಲಾಂಛನ ಅತಿಥಿಯ ತಲೆಯ ಮೇಲೆ, ದುಡಿಮೆ ಇವರ ಸೊಂಟದ ಮೇಲೆ. ಛಾಯಾಗ್ರಾಹಕ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು ತೆಗೆದ ಕಾರಣ ನಾಯಕರು ಆಕಾಶಕ್ಕೆ ಎದ್ದು ನಿಲ್ಲುತ್ತಾರೆ, ಹೆಂಗಸರು ಹಸುರಿನಲ್ಲಿ ಕರಗುತ್ತಾರೆ.

ನಮ್ಮ ಗದ್ದೆಯ ಚಿತ್ರದಲ್ಲಿ ಕೃತ್ರಿಮ ಜೋಡಣೆ ಏನೂ ಇಲ್ಲ. ಆದರೆ ಜೋಡಿಸಿದ ಚಿತ್ರವೊಂದರ ಕಥೆ ಇಲ್ಲಿಗೂ ಹೊಂದುತ್ತದೆ. 1950ರಲ್ಲಿ ಅಮೆರಿಕದ ಸೆನೆಟರ್ ಮಿಲ್ಲರ್ಡ್ ಟೈಡಿಂಗ್ಸ್ ಕಮ್ಯುನಿಸ್ಟ್ ನಾಯಕ ಅರ್ಲ್ ಬ್ರೌಡರ್ ಜತೆ ಮಾತಾಡುತ್ತಿರುವಂತೆ ಎರಡು ಬೇರೆ ಬೇರೆ ಚಿತ್ರಗಳನ್ನು ಜೋಡಿಸಿ ಹಂಚಲಾಗಿತ್ತು. ಆ ವರ್ಷದ ಸೆನೆಟ್ ಚುನಾವಣೆಯಲ್ಲಿ ಟೈಡಿಂಗ್ಸ್ ಸೋತರು. 1961ರ ಲೇಖನದಲ್ಲಿ ಇದನ್ನು ನೆನೆಯುವ ಬಾರ್ತ್, ಎರಡು ಮುಖಗಳ ಸಾಮೀಪ್ಯವೇ ಅಪರಾಧದಂತೆ ಕಂಡದ್ದು ಕಮ್ಯುನಿಸಮ್ಮಿನ ಭಯ ಆ ಸಮಾಜದಲ್ಲಿ ಮೊದಲೇ ಇದ್ದುದರಿಂದ ಎನ್ನುತ್ತಾರೆ. ನಮ್ಮಲ್ಲಿಯೂ ಹಾಗೆಯೇ: ಗದ್ದೆಯ ಬಗ್ಗೆ ನಮಗಿರುವ ಗೌರವವೇ ನಾಯಕರ ಖಾತೆಗೆ ಜಮೆಯಾಗುತ್ತದೆ.

ಇನ್ನು ಅಡಿಬರಹ. ಚಿತ್ರದ ಹಲವು ಅರ್ಥಗಳಲ್ಲಿ ಒಂದಕ್ಕೆ ಲಂಗರು ಹಾಕುವುದು ಅದರ ಕೆಲಸ. ‘ರೈತರೊಂದಿಗೆ ಬೆರೆತ ನಾಯಕ’ ಎಂದರೆ ಒಂದು ಓದು, ‘ಚುನಾವಣೆ ಸಮೀಪಿಸುತ್ತಿದ್ದಂತೆ ಗದ್ದೆಗಿಳಿದ ನಾಯಕ’ ಎಂದರೆ ಇನ್ನೊಂದು, ಚಿತ್ರ ಅದೇ. ಎರಡರಲ್ಲಿಯೂ ನಾಯಕರ ಹೆಸರಿದೆ, ನಾಟಿ ಮಾಡಿದವರದ್ದಿಲ್ಲ. ಪತ್ರಿಕೆಗಳ ಉಪಸಂಪಾದಕರಲ್ಲಿ ನನ್ನ ಕೋರಿಕೆ: ಒಪ್ಪಿಗೆ ಪಡೆದು ಆ ಹೆಂಗಸರ ಹೆಸರನ್ನೂ, ನಾಯಕರು ಗದ್ದೆಯಲ್ಲಿದ್ದ ಹೊತ್ತನ್ನೂ ಅಡಿಬರಹದಲ್ಲಿ ಸೇರಿಸಿ. ನಮಸ್ಕಾರ.