ಮಾತ್ರೆಯ ಬೆಲೆ ಯಾರ ಲೆಕ್ಕ?

ಕೇಳುಗರಿಗೆ ನಮಸ್ಕಾರ. ಮಾತ್ರೆ ಸ್ಟ್ರಿಪ್ಪಿನ ಹಿಂದೆ ಎಂ.ಆರ್.ಪಿ. ಅಂತ ಅಚ್ಚಾಗಿರುತ್ತದಲ್ಲ, ಆ ಅಂಕಿ ಎಲ್ಲಿಂದ ಬಂತು ಅಂತ ಇವತ್ತು ನೋಡೋಣ.

ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡುವುದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ. ಮೊದಲು ತಯಾರಿಕೆಯ ಖರ್ಚನ್ನು ಹಿಡಿದು ಬೆಲೆ ಕಟ್ಟುತ್ತಿದ್ದರು. 2013ರ ಔಷಧ ಬೆಲೆ ನಿಯಂತ್ರಣ ಆದೇಶ ಬಂದ ಮೇಲೆ ಖರ್ಚಿನ ಲೆಕ್ಕ ಬಿಟ್ಟುಹೋಯಿತು, ಪೇಟೆಯ ದರವೇ ಅಳತೆಯಾಯಿತು. ಆ ಔಷಧದ ಒಟ್ಟು ವಹಿವಾಟಿನಲ್ಲಿ ಶೇಕಡಾ 1 ಅಥವಾ ಹೆಚ್ಚು ಪಾಲಿರುವ ಬ್ರ್ಯಾಂಡುಗಳು ಅಂಗಡಿಗೆ ಎಷ್ಟಕ್ಕೆ ಬೀಳುತ್ತವೆ ಎಂಬುದರ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವನ ಲಾಭ ಶೇಕಡಾ 16 ಕೂಡಿಸುತ್ತಾರೆ. ಮೂರು ಬ್ರ್ಯಾಂಡು 20, 30, 70 ರೂಪಾಯಿ ಎನ್ನಿ. ಸರಾಸರಿ 40, ಮಿತಿ 46 ರೂಪಾಯಿ 40 ಪೈಸೆ, ತೆರಿಗೆ ಬೇರೆ. 20ರ ಮಾತ್ರೆಯವನು ಲಾಭದಲ್ಲೇ ಇದ್ದಾನೆಂದರೆ 70ರವನ ದರ ಸರಾಸರಿಯನ್ನು ಮೇಲೆಳೆಯಿತು ಅಂತಲೇ ಅರ್ಥ. ಈ ಸೂತ್ರದ ದೊಡ್ಡ ತೂತು ಅದೇ.

ಪಟ್ಟಿಯ ಹೊರಗಿನ ಔಷಧಗಳಿಗೆ ಇಂಥ ಮೇಲ್ಮಿತಿಯೇ ಇಲ್ಲ. ಹನ್ನೆರಡು ತಿಂಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದು, ಅಷ್ಟೆ.

ಇನ್ನೊಂದು ಸಂಗತಿ, ಕೊಳ್ಳುವವನೇ ಬೇರೆ, ಆರಿಸುವವನೇ ಬೇರೆ. ತರಕಾರಿಯಲ್ಲಾದರೆ ಚೌಕಾಸಿ ಮಾಡುತ್ತೇವೆ. ಇಲ್ಲಿ ವೈದ್ಯರು ಬರೆಯುತ್ತಾರೆ, ಅಂಗಡಿಯವರು ಕೊಡುತ್ತಾರೆ. ಅದಕ್ಕೇ ಕಂಪನಿಗಳ ಪೈಪೋಟಿ ನಡೆಯುವುದು ಅವರನ್ನು ಒಲಿಸಲು, ನಮ್ಮನ್ನಲ್ಲ. ಕಂಪನಿ ವೈದ್ಯರನ್ನು ಒಲಿಸುವ ಗೋಜಿಲ್ಲದೆ ನೇರ ಅಂಗಡಿಗೆ ಮಾರುವ ಜೆನೆರಿಕ್, ಅಂದರೆ ಬ್ರ್ಯಾಂಡಿನ ಪ್ರಚಾರವಿಲ್ಲದ, ಔಷಧದ ಮೇಲೆ 90 ರೂಪಾಯಿ ಅಚ್ಚಾಗಿದ್ದು, ಅಂಗಡಿಗೆ 15ಕ್ಕೇ ಬೀಳಬಹುದು. ಅಂಗಡಿಯವರು 'ಇಪ್ಪತ್ತು ಪರ್ಸೆಂಟ್ ಕಡಿಮೆ ಮಾಡಿದ್ದೀನಿ' ಅಂದಾಗ ನಾವು ಖುಷಿಪಡುತ್ತೇವೆ!

ಒಂದು ಕಡೆ ಬೆಲೆ ಹಿಡಿದರೆ ಹಣ ಇನ್ನೊಂದು ಕಡೆ ಉಕ್ಕುತ್ತದೆ. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೆ, ಅಂದರೆ ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆಗೆ, ಮಿತಿ ಹಾಕಿದರು: ಬರೀ ಲೋಹದ್ದಕ್ಕೆ 7,260, ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ. ಲಕ್ಷ ದಾಟುತ್ತಿದ್ದ ವಸ್ತು ಇಳಿಯಿತು, ನಿಜ. ಆದರೆ ಸ್ಟೆಂಟ್ ಕೂರಿಸಲು ಬೇಕಾದ ಬಲೂನು, ಕ್ಯಾತಿಟರ್ ಎಂಬ ತೆಳು ನಳಿಕೆ, ಕೋಣೆ ಬಾಡಿಗೆ, ಚಿಕಿತ್ಸಾ ಶುಲ್ಕ ಆ ಆದೇಶದೊಳಗೆ ಇರಲಿಲ್ಲ. ಖಾಸಗಿ ಆಸ್ಪತ್ರೆ ಕಳೆದುಕೊಂಡ ಲಾಭವನ್ನು ಅಲ್ಲಿ ತುಂಬಿಕೊಳ್ಳಲು ಅಡ್ಡಿಯೇನು?

ಆದ್ದರಿಂದ ಆಂಜಿಯೋಪ್ಲಾಸ್ಟಿ ಆಗಿ ಸ್ಟೆಂಟ್ ಹಾಕಿಸಿಕೊಂಡವರು ಒಟ್ಟು ಪ್ಯಾಕೇಜಿನ ಬಿಲ್ಲಿಗೆ ಒಪ್ಪಿ ಸುಮ್ಮನಾಗಬೇಡಿ. ಸ್ಟೆಂಟಿನ ಬೆಲೆ, ಬ್ರ್ಯಾಂಡು, ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಬೇರೆಯಾಗಿ ನಮೂದಾಗಿರಬೇಕೆಂದು ಆ ಆದೇಶವೇ ಹೇಳುತ್ತದೆ. ಮಾತ್ರೆ ಕೊಳ್ಳುವಾಗ ಬ್ರ್ಯಾಂಡ್ ಹೆಸರಿನ ಜೊತೆ ಇರುವ ಔಷಧದ ಹೆಸರು, ಮಿಲಿಗ್ರಾಂ ಓದಿ. ಅದೇ ಹೆಸರು, ಅದೇ ಮಿಲಿಗ್ರಾಂ ಇಟ್ಟುಕೊಂಡು ಜನೌಷಧಿ ಕೇಂದ್ರದಲ್ಲಿ ದರ ಕೇಳಿ. ಆದರೆ ಫಿಟ್ಸ್, ಥೈರಾಯ್ಡ್‌ನಂಥ ಮಾತ್ರೆಯಾದರೆ ವೈದ್ಯರನ್ನು ಕೇಳದೆ ಬ್ರ್ಯಾಂಡು ಬದಲಿಸಬೇಡಿ.