ಚಿರತೆ ಆಮೆಯ ಮರಿಗಳಿಗೆ ಬೇಕಾದ ತೇವ

ಕೇಳುಗರಿಗೆ ನಮಸ್ಕಾರ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಹುಲ್ಲುಗಾವಲುಗಳ ಚಿರತೆ ಆಮೆ ಬಿಸಿಲುನಾಡಿನ ಪ್ರಾಣಿಯಾದ್ದರಿಂದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನ ಒಣ ಹವೆ ಅದರ ಮರಿಗಳಿಗೂ ಹಿತವೆಂದು ಭಾವಿಸುವುದು ಸಹಜ. ಆದರೆ ಆ ಭಾವನೆಯೇ ಮರಿಗಳಿಗೆ ಮುಳುವಾಗುತ್ತದೆ.

ಮೊದಲು ಕಾನೂನಿನ ವಿಷಯ. ಇದನ್ನೇ ಹೋಲುವ ನಮ್ಮ ನಕ್ಷತ್ರ ಆಮೆಯನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಚಿರತೆ ಆಮೆಯನ್ನು ಸಾಕುವವರು ಆ ಕಾಯ್ದೆಯ 2022ರ ತಿದ್ದುಪಡಿಯಂತೆ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು.

ಹೆಣ್ಣು ಆಮೆ ಹಿಂಗಾಲುಗಳಿಂದ ಗುಂಡಿ ತೋಡಿ, ನೆಲ ಗಟ್ಟಿಯಿದ್ದರೆ ಮೂತ್ರದಿಂದ ನೆನೆಸಿಕೊಂಡು ಮೊಟ್ಟೆಯಿಡುತ್ತದೆ. ಕೋಳಿಮೊಟ್ಟೆಗೆ ಕಾವು ಕೊಡುವಾಗ ಹೊರಳಿಸುತ್ತೇವೆ. ಇದನ್ನು ಮಾತ್ರ ಹೊರಳಿಸಲೇಬಾರದು. ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಇದ್ದ ಭಂಗಿಯಲ್ಲೇ ಕಾವುಪೆಟ್ಟಿಗೆಗೆ ಸಾಗಿಸಬೇಕು. ಪೆಟ್ಟಿಗೆಯ ಉಷ್ಣತೆ 28ರಿಂದ 32 ಡಿಗ್ರಿಯೊಳಗಿರಬೇಕು. ಹೆಚ್ಚು ಕಾವಿನಲ್ಲಿ ಹೆಣ್ಣುಮರಿಗಳು, ಕಡಿಮೆ ಕಾವಿನಲ್ಲಿ ಗಂಡುಮರಿಗಳು ಬೆಳೆಯುತ್ತವೆ. ತಿಂಗಳುಗಟ್ಟಲೆ ಕಾಯಬೇಕಾದ ಕೆಲಸವಿದು. ಒಂದೇ ಗುಂಡಿಯ ಮೊಟ್ಟೆಗಳೂ ಒಟ್ಟಿಗೆ ಒಡೆಯುವುದಿಲ್ಲವಾದ್ದರಿಂದ, ಹಿಂದುಳಿದವನ್ನು ಅವಸರದಿಂದ ಎಸೆಯಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹೊರಬಂದ ಮರಿಯ ಹೊಟ್ಟೆಯಡಿ ಹಳದಿ ಲೋಳೆಯ ಚೀಲ ಉಳಿದಿದ್ದರೆ, ಅದು ಒಳಸೇರುವವರೆಗೆ ಒದ್ದೆ ಬಟ್ಟೆಯ ಮೇಲಿಡಬೇಕು. ಆಮೇಲಿನದೇ ನಿಜವಾದ ಪರೀಕ್ಷೆ. ಕಾಡಿನಲ್ಲಿ ಮರಿ ಬಯಲಿಗೆ ಬರುವುದು ಕಡಿಮೆ. ದಟ್ಟ ಹುಲ್ಲಿನ ಬುಡದ ತಂಪಿನಲ್ಲಿ ಅಡಗಿ ಬೆಳೆಯುತ್ತದೆ. ನಾವೋ ಅದನ್ನು ಪರಸಿ ನೆಲದ ಮೇಲೆ, ಫ್ಯಾನಿನ ಗಾಳಿಗೆ ಬಿಡುತ್ತೇವೆ. ಒಳಗೊಳಗೇ ಒಣಗಿದ ಮರಿಯ ಚಿಪ್ಪಿನ ಪ್ರತಿ ಬಿಲ್ಲೆಯೂ ಗೋಪುರದಂತೆ ಉಬ್ಬುತ್ತದೆ, ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು. ಒಮ್ಮೆ ಉಬ್ಬಿದ ಚಿಪ್ಪು ಮತ್ತೆ ಸಮವಾಗುವುದಿಲ್ಲ. ಆದ್ದರಿಂದ ಮೇಲೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿ, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಹರಡಿ, ಗಾಳಿಯ ತೇವವನ್ನು ಶೇಕಡ 80ರ ಸುಮಾರಿಗೆ ಕಾಯ್ದುಕೊಳ್ಳಬೇಕು. ಚಳಿಗಾಲದ ರಾತ್ರಿಗಳಲ್ಲಿ ಪೆಟ್ಟಿಗೆ ಬೆಚ್ಚಗಿರಲೇಬೇಕು, ಏಕೆಂದರೆ ತೇವದೊಂದಿಗೆ ಚಳಿಯೂ ಸೇರಿದರೆ ಶ್ವಾಸದ ರೋಗ ತಗಲುತ್ತದೆ. ಪ್ರತಿದಿನ ಅಗಲವಾದ ಪರಾತದಲ್ಲಿ ಮರಿಯ ಗದ್ದದ ಮಟ್ಟಕ್ಕೆ ಉಗುರುಬೆಚ್ಚಗಿನ ನೀರು ಹಾಕಿ, ಕಾಲು ಗಂಟೆ ಎದುರಿಗೇ ನಿಂತು ನೆನೆಸಬೇಕು.

ಬೆಳಗಿನ ಎಳೆಬಿಸಿಲು ನೇರವಾಗಿ ತಾಗಬೇಕು. ಮೂಳೆಗೂ ಚಿಪ್ಪಿಗೂ ಬೇಕಾದ ಕಿರಣಗಳನ್ನು ಕಿಟಕಿಯ ಗಾಜು ತಡೆಯುತ್ತದೆ. ಹೊರಗಿಡುವಾಗ ಕಾಗೆ, ಮುಂಗುಸಿಗಳ ಭಯವಿರುವುದರಿಂದ ಜಾಲರಿಯೂ, ಅರ್ಧ ಭಾಗಕ್ಕೆ ನೆರಳೂ ಇರಲೇಬೇಕು.

ಆಹಾರಕ್ಕೆ ನಮ್ಮಲ್ಲಿ ಕೊರತೆಯಿಲ್ಲ: ಗರಿಕೆ, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ. ರೊಟ್ಟಿ, ಅನ್ನ, ಬೇಳೆ ಬೇಡ, ಹಣ್ಣೂ ಒಗ್ಗುವುದಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರಫೇನದ ತುಂಡೊಂದನ್ನು ಪೆಟ್ಟಿಗೆಯಲ್ಲಿಟ್ಟರೆ ಸುಣ್ಣದಂಶಕ್ಕಾಗಿ ಮರಿ ತಾನೇ ಕಡಿಯುತ್ತದೆ.

ವಾರಕ್ಕೊಮ್ಮೆ ಮರಿಯನ್ನು ಕೈಗೆತ್ತಿಕೊಂಡು ಬಿಲ್ಲೆಗಳ ನಡುವಿನ ಸಂದುಗಳನ್ನು ನೋಡಿ. ಅಲ್ಲಿ ಹೊಸದಾಗಿ ಮೂಡಿದ ಬಿಳಿಯ ಪಟ್ಟಿ ಅಕ್ಕಪಕ್ಕದ ಬಿಲ್ಲೆಗಳಿಗೆ ಸಮವಾಗಿದ್ದರೆ ತೇವ ಸಾಕಾಗಿದೆ. ತಗ್ಗಿನಂತೆ ಒಳಸರಿದಿದ್ದರೆ ಆ ದಿನವೇ ನಾರಿನ ಪುಡಿಗೆ ನೀರು ಚಿಮುಕಿಸಿ.