ಹಾರಂಗಿಯ ಹಿನ್ನೀರು ಮತ್ತು ಮೀನಿನ ಕಿವಿ

ಹಿರಿಯರಿಗೆ, ಗೆಳೆಯರಿಗೆ, ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ನಮಸ್ಕಾರ.

ನಮ್ಮ ಕೊಡಗಿನ ಹಾರಂಗಿ ಜಲಾಶಯದ ಬಗ್ಗೆ ಈ ಸಭೆಗೆ ಪರಿಚಯ ಬೇಕಿಲ್ಲ. 1982ರಲ್ಲಿ ಕಟ್ಟಿದ್ದು, ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 2859 ಅಡಿ, ನೀರು ಎಂಟೂವರೆ ಟಿಎಂಸಿ. ಮಳೆಗಾಲದಲ್ಲಿ ಈ ಅಂಕಿಗಳನ್ನು ನಾವೆಲ್ಲ ಕಾಫಿ ರೇಟಿನ ಹಾಗೆ ದಿನಾ ಕೇಳುತ್ತೇವೆ. ಕುಶಾಲನಗರ ಬೆಳೆಯುತ್ತಾ ಬೆಳೆಯುತ್ತಾ ಈಗ ಜಲಾಶಯ ಊರಾಚೆಯ ಜಾಗವಾಗಿ ಉಳಿದಿಲ್ಲ, ಊರಂಚಿನದಾಗಿದೆ. 9 ಕಿಲೋಮೀಟರ್ ದೂರ ಯಾವ ದೂರ? ಅದಕ್ಕೇ ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಆ ಹಿನ್ನೀರಿನಲ್ಲಿ ಗಾಳ ಇರಲಿ, ಹುಟ್ಟು ಹಾಕುವ ದೋಣಿ ಇರಲಿ. ಇಂಜಿನ್ ಬೇಡ.

ಯಾಕೆ ಬೇಡ ಅನ್ನುವುದನ್ನು ನನಗೆ ಕಲಿಸಿದವರು ನನ್ನ ಸೋದರಮಾವ. ನಾನಾಗ ಹೈಸ್ಕೂಲು. ಬೆಳಗಿನ ಜಾವ ಎಬ್ಬಿಸಿ ಹಿನ್ನೀರಿಗೆ ಕರೆದುಕೊಂಡು ಹೋಗುತ್ತಿದ್ದರು. ಬಿದಿರಿನ ಹರಿಗೋಲು, ತಳಕ್ಕೆ ಟಾರು ಬಳಿದದ್ದು. ಹತ್ತುವ ಮೊದಲು ಚಪ್ಪಲಿ ದಡದಲ್ಲೇ ಬಿಡಬೇಕು. ಕೂತ ಮೇಲೆ ಕಾಲು ಎಳೆಯಬಾರದು. ಹುಟ್ಟನ್ನು ನೀರಿಗೆ ಬಡಿಯಬಾರದು, ಚೂರಿಯಂತೆ ಇಳಿಸಬೇಕು. ಮಂಜು ಎಷ್ಟಿರುತ್ತಿತ್ತೆಂದರೆ ಎದುರಿಗೆ ಕೂತ ಮಾವನ ಬೀಡಿಯ ಕೆಂಡ ಮಾತ್ರ ಕಾಣಿಸುತ್ತಿತ್ತು. ಮುಳುಗಿದ ಒಣಮರದ ಬೊಡ್ಡೆಯೊಂದಕ್ಕೆ ಹಗ್ಗ ಸಿಕ್ಕಿಸಿ ನಿಲ್ಲುತ್ತಿದ್ದೆವು. ಗಾಳಕ್ಕೆ ರಾಗಿಮುದ್ದೆಯ ಗೋಲಿ, ದಾರಕ್ಕೆ ನವಿಲುಗರಿಯ ದಂಟಿನ ಬೆಂಡು.

ಒಂದು ದಿನ ನೀರಿನ ತಳದಿಂದ ಗುಳ್ಳೆ ಏಳಲು ಶುರುವಾಯಿತು. ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು, ಹಿಂಡುಹಿಂಡಾಗಿ. ಮಾವ ಬೀಡಿ ಆರಿಸಿದರು. ಮೀನಿನ ಹಿಂಡು ಕೆಸರು ಕೆದಕುತ್ತಾ ನಮ್ಮ ಕಡೆಗೇ ಬರುತ್ತಿತ್ತು. ಬೆಂಡು ಒಮ್ಮೆ ನಡುಗಿತು. ಇನ್ನೊಮ್ಮೆ ಕುಟುಕಿತು. ನನಗೋ ಹೊಟ್ಟೆ ಹಸಿವು. ಅಜ್ಜಿ ಕಟ್ಟಿಕೊಟ್ಟಿದ್ದ ರೊಟ್ಟಿಯ ಸ್ಟೀಲ್ ಡಬ್ಬಿ ತೆಗೆಯಹೋಗಿ ಮುಚ್ಚಳ ಕೈಜಾರಿ ಹರಿಗೋಲಿನ ತಳದಲ್ಲಿದ್ದ ಗಾಳದ ಸೀಸದ ಗುಂಡುಗಳ ಮೇಲೆ ಬಿತ್ತು. ಠಣ್ ಅಂತ ಒಂದೇ ಸದ್ದು. ಗುಳ್ಳೆ ಅಲ್ಲಿಗೇ ನಿಂತಿತು. ಮಾವ ಬೈಯಲಿಲ್ಲ. "ಇನ್ನು ಇಲ್ಲಿ ಕೂತು ಪ್ರಯೋಜನ ಇಲ್ಲ ಮಗಾ, ರೊಟ್ಟಿ ತಿನ್ನು" ಅಂದರು. ಬಿಸಿಲೇರುವವರೆಗೂ ಆ ಜಾಗದಲ್ಲಿ ಒಂದು ಗುಳ್ಳೆ ಏಳಲಿಲ್ಲ.

ಇದು ಬರೀ ಮಾವನ ನಂಬಿಕೆಯಲ್ಲ. ಮನೆಯಲ್ಲಿ ಕಾಟ್ಲಾನೋ ರೋಹುವನ್ನೋ ಕ್ಲೀನ್ ಮಾಡುವ ಅಮ್ಮಂದಿರು ಇಲ್ಲಿದ್ದೀರಿ. ಹೊಟ್ಟೆಯೊಳಗೆ ಬೆಳ್ಳಗಿನ ಗಾಳಿಚೀಲ ಸಿಗುತ್ತದಲ್ಲ, ಎರಡು ಭಾಗದ ಬಲೂನಿನ ಹಾಗೆ? ಮಕ್ಕಳು ತುಳಿದು ಪಟ್ ಅನ್ನಿಸುತ್ತಾರಲ್ಲ, ಅದೇ. ಆ ಚೀಲದಿಂದ ತಲೆಯೊಳಗಿನ ಕಿವಿಯವರೆಗೆ ಪುಟ್ಟ ಮೂಳೆಗಳ ಒಂದು ಸರಪಳಿ ಇದೆ. 1820ರಲ್ಲಿ ಜರ್ಮನಿಯ ವಿಜ್ಞಾನಿ ವೆಬರ್ ಅದನ್ನು ವಿವರಿಸಿದರು, ಅವರ ಹೆಸರಿನಿಂದಲೇ ಕರೆಯುತ್ತಾರೆ. ನೀರು ಅದುರಿದರೆ ಚೀಲ ಅದುರುತ್ತದೆ, ಮೂಳೆಗಳು ಅದನ್ನು ಕಿವಿಗೆ ಮುಟ್ಟಿಸುತ್ತವೆ. ಕಾಟ್ಲಾ, ರೋಹು, ಮೃಗಾಲ್, ನಮ್ಮ ಬಿಳಿಮೀನು ಮಹಶೀರ್, ಎಲ್ಲಕ್ಕೂ ಇದು ಇದೆ. ಜಿಲೇಬಿ ಮೀನಿಗೆ, ಅಂದರೆ ತಿಲಾಪಿಯಾಕ್ಕೆ, ಈ ಮೂಳೆಗಳಿಲ್ಲ. ಜೊತೆಗೆ ಮೈಯ ಎರಡೂ ಬದಿ ಕಿವಿರಿನಿಂದ ಬಾಲದವರೆಗೆ ಚುಕ್ಕಿಚುಕ್ಕಿಯಾಗಿ ಒಂದು ಗೆರೆ ಇರುತ್ತದೆ. ಪಕ್ಕದ ನೀರು ಸರಿದಾಡಿದ್ದು ಅದಕ್ಕೆ ಗೊತ್ತಾಗುತ್ತದೆ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ನೀರಿನಲ್ಲಿ ಸುಮಾರು 1500 ಮೀಟರ್. ಆದರೆ ಒಂದು ಸಮಾಧಾನದ ಸಂಗತಿ ಹೇಳುತ್ತೇನೆ. ಗಾಳಿಯಲ್ಲಿ ಆಡಿದ ಮಾತು ನೀರಿನೊಳಗೆ ಇಳಿಯುವುದು ಬಹಳ ಕಡಿಮೆ, ಹೆಚ್ಚಿನ ಪಾಲು ಮೇಲ್ಮೈಗೆ ತಾಗಿ ವಾಪಸಾಗುತ್ತದೆ. ಹಾಗಾಗಿ ದೋಣಿಯಲ್ಲಿ ಕೂತು ಕರಿಮೆಣಸಿನ ರೇಟು, ಮಗಳ ಮದುವೆ, ಏನು ಬೇಕಾದರೂ ಮಾತಾಡಿ. ಮೀನಿಗೆ ತಲುಪುವುದು ದೋಣಿಯ ಮೈಗೆ ತಾಗಿದ ಸದ್ದು. ಕಾಲು ಕುಟ್ಟಿದ್ದು, ಮುಚ್ಚಳ ಬಿದ್ದದ್ದು. ಇಂಜಿನ್ ಅಂದರೆ ಏನು? ಆ ಮುಚ್ಚಳ ನಿಮಿಷಕ್ಕೆ ಸಾವಿರಾರು ಸಲ ಬಿದ್ದ ಹಾಗೆ, ಅದೂ ನೀರಿನೊಳಗೇ. ಹಳೆಯ ಟೂ-ಸ್ಟ್ರೋಕ್ ಇಂಜಿನ್ ಆದರೆ ಉರಿಯದೆ ಉಳಿದ ಎಣ್ಣೆಯನ್ನೂ ನೀರಿಗೇ ಬಿಡುತ್ತದೆ.

ಪ್ರವಾಸಿಗರು ಬರಬೇಕು, ನಾಲ್ಕು ಜನರಿಗೆ ದುಡಿಮೆ ಆಗಬೇಕು, ಅದಕ್ಕೆ ನನ್ನ ತಕರಾರಿಲ್ಲ. ಹರಿಗೋಲು ನಡೆಸುವವನೂ ದುಡಿಯುವವನೇ. ಪೆಡಲ್ ಬೋಟ್ ಇದೆ, ಹುಟ್ಟಿನ ದೋಣಿ ಇದೆ. ಒಂದು ಗಂಟೆ ಸದ್ದಿಲ್ಲದೆ ತೇಲಿದವರಿಗೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದು ಕಾಣುತ್ತದೆ, ಮಿಂಚುಳ್ಳಿ ಧುಮುಕುವುದು ಕಾಣುತ್ತದೆ. ಬೆಂಗಳೂರಿನಿಂದ ಅಷ್ಟು ದೂರ ಬಂದವರಿಗೆ ಅದನ್ನಲ್ಲದೆ ಇನ್ನೇನು ತೋರಿಸುತ್ತೀರಿ? ಟ್ರಾಫಿಕ್ಕಿನ ಸದ್ದು ಅಲ್ಲೇ ಇದೆಯಲ್ಲ.

2018ರ ಆಗಸ್ಟನ್ನು ಇಲ್ಲಿ ಯಾರೂ ಮರೆತಿಲ್ಲ. ಆ ವರ್ಷ ಗುಡ್ಡಗಳೇ ಜರಿದು ಹಟ್ಟಿಹೊಳೆಯಲ್ಲಿ ಬಂದ ಮಣ್ಣು ಇದೇ ಜಲಾಶಯಕ್ಕೆ ಸೇರಿತು. ಮೀನಿಗೆ ಇರುವ ನೀರೇ ಕಡಿಮೆಯಾಗುತ್ತಿದೆ. ಕಾವೇರಿ ಸೀಮೆಯ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ. ಮಳೆಗೆ ಹೊಸ ನೀರು ಬಂದಾಗ ಅದು ಮೇಲಕ್ಕೆ ಈಜಿ, ಜಲ್ಲಿಕಲ್ಲಿನ ಹರಿವಿನಲ್ಲಿ ಮೊಟ್ಟೆ ಇಡಬೇಕು. ಅದೇ ಹೊತ್ತಿಗೆ ಬಲೆ ಬೀಸುವವರಿಗೆ, ನೀರಿನಲ್ಲಿ ಸಿಡಿಮದ್ದಿನ ತೋಟೆ ಹೊಡೆಯುವವರಿಗೆ ನಾನು ಕೈಮುಗಿದು ಕೇಳುತ್ತೇನೆ, ಬಿಟ್ಟುಬಿಡಿ. ತೋಟೆಗೆ ಮರಿಯೂ ಸಾಯುತ್ತದೆ, ಮೊಟ್ಟೆಯೂ ಹೋಗುತ್ತದೆ. ಗಾಳಕ್ಕೆ ಮಹಶೀರ್ ಬಿದ್ದರೆ ಒದ್ದೆ ಕೈಯಲ್ಲಿ ಹಿಡಿದು, ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ, ಅದು ತಾನಾಗಿ ಹೊರಡುವವರೆಗೆ ಹಿಡಿದುಕೊಳ್ಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಚಿಕ್ಲಿಹೊಳೆ ಜಲಾಶಯದ ಬಗ್ಗೆಯೂ ಹೇಳಬೇಕೆಂದಿದ್ದೆ, ಇನ್ನೊಮ್ಮೆ ಹೇಳುತ್ತೇನೆ. ಉಳಿದದ್ದು ಬೇಗ. ಮೀನುಗಾರಿಕೆ ಇಲಾಖೆಯ ಪರವಾನಗಿ ಇಲ್ಲದೆ ಗಾಳ ಹಾಕಬೇಡಿ. ಈಜು ಬಂದರೂ ಲೈಫ್ ಜಾಕೆಟ್ ಹಾಕಿ, ಹಿನ್ನೀರಿನ ದಡ ಒಮ್ಮೆಲೇ ಆಳಕ್ಕಿಳಿಯುತ್ತದೆ. ಅಣೆಕಟ್ಟೆಯ ಗೇಟಿನ ಹತ್ತಿರ ಯಾವ ದೋಣಿಯೂ ಹೋಗಕೂಡದು.

ಈ ಭಾನುವಾರ ಬೆಳಿಗ್ಗೆ ಐದೂವರೆಗೆ ನಾನು ಹಿನ್ನೀರಿನ ದಡದಲ್ಲಿರುತ್ತೇನೆ, ಪರವಾನಗಿ ನನ್ನ ಹತ್ತಿರ ಇದೆ. ಹರಿಗೋಲಿನಲ್ಲಿ ಇನ್ನೂ ಮೂವರಿಗೆ ಜಾಗವಿದೆ. ಬರುವವರು ರೊಟ್ಟಿಯನ್ನು ಬಾಳೆಲೆಯಲ್ಲಿ ಕಟ್ಟಿ ತನ್ನಿ.